ಎರಡನೇ ಸಾಲಿನ ಜಾಗ

ಲಾಂಡ್ರಿಯ ಮೇಜಿನಿಂದ,
ಗುರುವಾರ, ೧೪ನೇ ತಾರೀಕು

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ನಿನ್ನ ವಿಳಾಸ ಕೊಟ್ಟದ್ದು ಚಿಕ್ಕಮ್ಮ; ಅವರನ್ನು ಬೈಯಬೇಡ, ಎರಡು ವರ್ಷ ಅವರ ಬಟ್ಟೆಗಳನ್ನು ಪುಕ್ಕಟೆ ಇಸ್ತ್ರಿ ಮಾಡಿ ಸಂಪಾದಿಸಿದ್ದೇನೆ. ಅಪ್ಪ ಗಟ್ಟಿಯಾಗಿದ್ದಾರೆ, ಎಡಗಿವಿ ಒಂದು ಬಿಟ್ಟು.

ಅಂಗಡಿ ಮುಂದಿನ ಕರಿಹಲಗೆ ನೆನಪಿದೆಯಲ್ಲ? ಚಿಕ್ಕಂದಿನಿಂದ ಅದರಲ್ಲಿ ಮೊದಲ ಸಾಲು ನನ್ನದು, ಪ್ರಾಸ ಕೂಡಿಸುವ ಎರಡನೆಯದು ನಿನ್ನದು. ನೀನು ಹೋದ ಮೇಲೆ ಮೊದಲ ಸಾಲಷ್ಟೇ ಬರೆದು ಕೆಳಗೆ ಜಾಗ ಬಿಡುತ್ತಿದ್ದೆ. ಎದುರುಮನೆ ಕಂಪೌಂಡರ್ ಅದರ ಫೋಟೊ ತೆಗೆದು ‘ಕಿಟಕಿ’ಗೂ ಹಾಕಿದ, ಅದರ ಬದ್ಧವೈರಿ ‘ಜೋಕಾಲಿ’ಗೂ ಹಾಕಿದ. ಎರಡೂ ಫೋನಿನೊಳಗಿನ ಹರಟೆಕಟ್ಟೆಗಳು. ಈಗ ಲಕ್ಷಾಂತರ ಜನ ಊಟ ಬಿಟ್ಟು ನನ್ನ ಪ್ರಾಸ ಕೂಡಿಸುತ್ತಿದ್ದಾರೆ. ನನ್ನ ಕನ್ನಡ ಪದವಿ ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ನಿನ್ನೆ ಎರಡೂ ಕಂಪನಿಯವರು ಒಂದೇ ಹೊತ್ತಿಗೆ ಬಂದಿಳಿದರು. ಕಿಟಕಿಯವನು ದೊಡ್ಡ ದೀಪ ನಿಲ್ಲಿಸಿದ, ಜೋಕಾಲಿಯವಳು ಅದಕ್ಕಿಂತ ದೊಡ್ಡದು ನಿಲ್ಲಿಸಿದಳು. ಫ್ಯೂಸ್ ಹೋಗಿ ನನ್ನ ಇಸ್ತ್ರಿ ಪೆಟ್ಟಿಗೆ ತಣ್ಣಗಾಯಿತು. ನನ್ನನ್ನು ಒಲಿಸಲು ಅವನು ಒಂದು ಅಂಗಿ ಇಸ್ತ್ರಿಗೆ ಕೊಟ್ಟ, ಅವಳು ಕಾರಿನಿಂದ ಏಳು ತಂದಳು. “ಸಾಲಾಗಿ ನಿಂತ್ಕೊಳ್ಳಿ, ಇಲ್ಲಿ ಮೊದಲು ಬಂದೋರ ಬಟ್ಟೆ ಮೊದಲು” ಎಂದು ಅಪ್ಪ ಗದರಿದರು. ಜೋಕಾಲಿ ಕೊಡುವುದು ವಾರಕ್ಕೊಂದು ಕಾರ್ಯಕ್ರಮ, ಹತ್ತು ಊರಿನ ಸುತ್ತಾಟ, ಹೊಸ ಅಂಗಡಿ. ಕಿಟಕಿ ಕೊಡುವುದು ಒಂದು ಟೋಪಿ, ಅದೂ ತಲೆಗೆ ಚಿಕ್ಕದು. ಇಬ್ಬರದೂ ಷರತ್ತು ಒಂದೇ: ಹಲಗೆ ಇನ್ನೊಂದು ಕಡೆ ಕಾಣಬಾರದು. “ಜೋಕಾಲಿ ಹತ್ತಪ್ಪಾ, ಇದ್ರಲ್ಲಿ ಯೋಚ್ನೆ ಏನು” ಎನ್ನುತ್ತದೆ ಓಣಿ. ನಾಳೆ ಸಹಿ ಹಾಕಬೇಕು.

ಆದರೆ ಕಿಟಕಿಯಲ್ಲಿ ‘ಸುಟ್ಟ ತೋಳು’ ಎಂಬ ಹೆಸರಿನವರೊಬ್ಬರಿದ್ದಾರೆ. ಹೋದ ವಾರ ನಾನು “ಬೆಳಿಗ್ಗೆ ಕೊಟ್ಟ ಅಂಗಿ ಸಂಜೆಗೆ ಸಿದ್ಧ” ಎಂದು ಬರೆದರೆ, ಅವರು ಕೂಡಿಸಿದ್ದು “ಮಾಲೀಕ ಮಾತ್ರ ಮಧ್ಯಾಹ್ನಕ್ಕೆ ಎದ್ದ.” ನಾನು ಏಳುವ ಹೊತ್ತು ಮನೆಯವರಿಗಷ್ಟೇ ಗೊತ್ತು, ಅಪ್ಪ ಫೋನ್ ಮುಟ್ಟುವುದಿಲ್ಲ. ನಿನ್ನ ಕೆಲಸದ ಸಂದರ್ಶನದ ದಿನ ಇಸ್ತ್ರಿ ಮಾಡುತ್ತ ನಿನ್ನ ಕೋಟಿನ ತೋಳು ಸುಟ್ಟವನು ನಾನು. ಸಾಲದ್ದಕ್ಕೆ ಅದನ್ನೇ ಪ್ರಾಸ ಕಟ್ಟಿ ಹಲಗೆಯಲ್ಲಿ ಬರೆದೆ. ಓಣಿ ನಕ್ಕಿತು. ನೀನು ಅಂಗೈಯಿಂದ ಅದನ್ನು ಒರೆಸಿ, ಅದೇ ಸೀಮೆಸುಣ್ಣದ ಕೈಯಲ್ಲಿ ಸೂಟ್‌ಕೇಸ್ ಹಿಡಿದು ಹೊರಟುಹೋದೆ.

ಅಪ್ಪ ನಿನ್ನ ತಲೆ ಸವರಿದ್ದಾರೆಂದು ತಿಳಿದುಕೋ. ಮಂಡಿಗೆ ಬಿಸಿ ಶಾಖ ಕೊಡು.

ನಿನ್ನ ತಮ್ಮ,
ಮೊದಲ ಸಾಲಿನವನು

ತಾ.ಕ.: ಶುಕ್ರವಾರ, ಅಂಚೆ ಡಬ್ಬಿಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಸಹಿ ಆಯಿತು, ಕಿಟಕಿಗೆ. ಜೋಕಾಲಿಯವಳು ಏಳು ಅಂಗಿಯನ್ನೂ ಸುಕ್ಕಾಗಿಯೇ ಒಯ್ದಳು. ನಾನೂ ಒಂದು ಷರತ್ತು ಹಾಕಿದೆ: ಇವತ್ತಿನ ಸಾಲಿಗೆ ‘ಸುಟ್ಟ ತೋಳು’ ಬಿಟ್ಟು ಬೇರೆ ಯಾರೂ ಉತ್ತರ ಬರೆಯುವಂತಿಲ್ಲ. ಸಾಲು ಇದು: “ಸುಟ್ಟವನೂ ನಾನೇ, ನಕ್ಕವನೂ ನಾನೇ.” ನೀನು ಕೂಡಿಸುವವರೆಗೆ ಹಲಗೆ ಒರೆಸುವುದಿಲ್ಲ. ಬಂದೇ ಬರೆಯುವುದಾದರೆ, ಸೀಮೆಸುಣ್ಣ ಹಳೇ ಡಬ್ಬಿಯಲ್ಲೇ ಇದೆ.