ಯಾರ ಪೈಕಿ ಎಂದು ಕೇಳಿದ್ದೆವು

ಅಳಿಯಾ ಪ್ರಸನ್ನ,

...ಅಡಿಗೆಮನೆ ಇನ್ನೂ ಕಂಡಿಲ್ಲ ಅಂದಿದ್ದೆಯೋ, ಅಡಿಗೆಮನೆಯೇ ಇಲ್ಲ ಅಂದಿದ್ದೆಯೋ, ಈಗ ಸರಿಯಾಗಿ ನೆನಪಿಲ್ಲ. ಆ ದೇಶದಿಂದ ನೀನು ಕಳಿಸಿದ ಕೊನೆಯ ಧ್ವನಿಸಂದೇಶ ನನ್ನ ಫೋನಿನಲ್ಲೇ ಇದೆ, ಒತ್ತಿದರೆ ಕೇಳುತ್ತದೆ. ಒತ್ತಿಲ್ಲ. ಕೇಳಿದ್ದು ಒಂದೇ ಸಲ, ಹಡಪಸರದ ಸಿಗ್ನಲ್ಲಿನಲ್ಲಿ, ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡು. "ಮಾಮಾ, ಅಡಿಗಿ ಕೆಲಸ ಅಂದಿದ್ರಲ್ಲ, ಕೈಯಾಗ ಬಂದೂಕು ಕೊಟ್ಟಾರ" ಎಂದು ನೀನು ನಕ್ಕಿದ್ದೆ. ಹಿಂದಿನವನು ಹಾರ್ನ್ ಹೊಡೆದ. ನಾನು ಗಾಡಿ ಮುಂದೆ ತೆಗೆದೆ. ನಕ್ಕದ್ದು ನನಗೋಸ್ಕರ ಇರಬೇಕು, ಅಲ್ಲವೇ?

ನಿನ್ನನ್ನು ಅಲ್ಲಿಗೆ ಕಳಿಸಿದವನು ಮೊದಲು ಸಿಕ್ಕಿದ್ದು ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟದಲ್ಲಿ, ನನ್ನ ಪಕ್ಕದ ಎಲೆಗೆ. ಹುಡುಗರನ್ನು ಹೊರದೇಶದ ಕೆಲಸಕ್ಕೆ ಕಳಿಸುತ್ತೇನೆ ಅಂದ. ಯಾವ ಊರು ಎಂದು ಕೇಳಿದೆ, ವಿಜಯಪುರದ ಕಡೆ. ಯಾರ ಪೈಕಿ ಎಂದು ಕೇಳಿದೆ. ಅವನ ಅಜ್ಜ ನಮ್ಮೂರಿನ ಸಂತೆಗೆ ಎತ್ತು ತರುತ್ತಿದ್ದರಂತೆ. ಮರುವಾರವೇ ಅವನನ್ನು ಕೋಥರೂಡಿನ ನಿಮ್ಮ ಮನೆಗೆ ಕರೆದುಕೊಂಡು ಬಂದೆ. ನಿನ್ನವ್ವನೂ ಅವೇ ಪ್ರಶ್ನೆ ಕೇಳಿದಳು, ಜೊತೆಗೆ ಹೆಂಡತಿಯ ತವರು ಯಾವುದೆಂದು. ಹಾಲಿನವನಿಂದ ಡಾಕ್ಟರವರೆಗೆ ಎಲ್ಲರೊಡನೆ ಮೂವತ್ತು ವರ್ಷ ಮರಾಠಿ ಆಡಿದ ನಮಗೆ, "ಅಕ್ಕಾರ, ಇನ್ನೊಂದು ರೊಟ್ಟಿ ಹಾಕ್ರಿ, ನಮ್ಮವ್ವನ ಕೈಯಾಗ ಉಂಡಂಗಾತು" ಅನ್ನುವ ಒಂದು ಬಾಯಿ ಸಾಕಾಯಿತು. ಅವನ ಬಗ್ಗೆ ಎಲ್ಲ ವಿಚಾರಿಸಿದೆವು. ನೀನು ಅಡಿಗೆ ಮಾಡಬೇಕಾದ ಶಿಬಿರ ಯಾರದು, ಅಲ್ಲಿ ಯಾರ ಯಾರ ನಡುವೆ ಯುದ್ಧ ನಡೆದಿದೆ, ಅದನ್ನು ಮಾತ್ರ...

ಸಹಿ ಹಾಕಿದ ದಿನ ನೀನು ಹೋಟೆಲಿನ ಕೆಲಸ ಮುಗಿಸಿ ಬಂದಿದ್ದೆ, ಅಂಗಿಗೆ ಒಗ್ಗರಣೆಯ ವಾಸನೆ. ಕಾಗದಗಳು ನಮಗಾರಿಗೂ ಬಾರದ ಲಿಪಿಯಲ್ಲಿದ್ದವು. "ಮಾಮಾ, ಯಾರ ಕಡೆಯಿಂದಾದ್ರೂ ಓದಿಸೂಣೇನು?" ಎಂದು ನೀನು ಪೆನ್ನು ಹಿಡಿದೇ ಕೇಳಿದೆ. ಆಫೀಸಿನಲ್ಲಿ ರಜೆಯ ಅರ್ಜಿಯನ್ನೂ ಎರಡು ಸಲ ಓದದೆ ಸಹಿ ಮಾಡದ ನಾನು, "ನಮ್ಮವರ ಅದಾರ, ಮಾಡು" ಅಂದೆ.

ನಿನ್ನನ್ನು ಮಲಗಿಸಿದ ಪೆಟ್ಟಿಗೆ ಬಂದ ದಿನ, ತಂದವರು ತೆರೆಯಬೇಡಿ ಎಂದು ಹೇಳಿ ಹೋದರು. ನಾವು ತೆರೆಯಲಿಲ್ಲ. ಜೊತೆಗೆ ಆ ದೇಶದ ಸೇನೆಯ ಒಂದು ಪದಕ ಕೊಟ್ಟಿದ್ದರು, ಹಿಂದೆ ದಪ್ಪ ಪಿನ್ನು. ನಿನ್ನವ್ವ ಅದನ್ನು ದೇವರ ಮುಂದೆ ಇಡಲಿಲ್ಲ, ನಿನ್ನ ಫೋಟೋದ ಹತ್ತಿರವೂ ಇಡಲಿಲ್ಲ, ಸಾಸಿವೆ ಡಬ್ಬಿಗೆ ಹಾಕಿದಳು. ಪೊಲೀಸರು ದೂರು ಬರೆದುಕೊಂಡು, ಹುಡುಗ ತಾನಾಗಿ ಸಹಿ ಮಾಡಿದ್ದಾನಲ್ಲ ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಅಲ್ಲಿಂದ ಅವನ ಆಫೀಸಿಗೆ ಹೋದೆ. ಕೊರಳು ಹಿಡಿಯುವುದೆಂದೇ ಹೋಗಿದ್ದೆ. ಅವನು ಎದ್ದು ನಿಂತು ಕುರ್ಚಿ ಕೊಟ್ಟ, "ಹಣೇಬರಾ ರೀ, ಸಾಹೇಬ್ರ" ಅಂದ, ಚಹಾ ತರಿಸಿದ. ನಾನು ಆ ಚಹಾ ಕುಡಿದೆ, ಪ್ರಸನ್ನ. ಇದನ್ನು ಯಾರಿಗೂ ಹೇಳಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಈಗ. ಈ ಭಾನುವಾರ ಬೆಳಿಗ್ಗೆ ನಮ್ಮ ಸಂಘ ಅವನನ್ನು ಸನ್ಮಾನಿಸುತ್ತಿದೆ, ಹೊರನಾಡ ಯುವಕರಿಗೆ ದಾರಿ ತೋರಿದ್ದಕ್ಕೆ. ನಿನ್ನ ವಿಷಯ ಸಂಘದಲ್ಲಿ ಎಲ್ಲರಿಗೂ ಗೊತ್ತು, ಅದನ್ನೂ ಹಣೆಬರಹ ಎಂದುಕೊಂಡಿದ್ದಾರೆ. ಅತಿಥಿಗಳ ಪರಿಚಯ ಓದುವವನು ಹನ್ನೆರಡು ವರ್ಷದಿಂದ ನಾನೇ. ಬೇಡವೆನ್ನುತ್ತೀರೇನೋ ಎಂದು ಕಾರ್ಯದರ್ಶಿ ಅಳುಕುತ್ತಲೇ ಫೋನು ಮಾಡಿದರು. ಒಪ್ಪಿಕೊಂಡೆ. ನೀನು ನಮ್ಮ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ನಗುತ್ತಿದ್ದೆಯಲ್ಲ? ಪೇಟ ಸುತ್ತಿ, ಶಾಲು ಹೊದಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟಮೇಲೆ ಮನುಷ್ಯ ಪರಿಚಯ ಮುಗಿಯುವವರೆಗೆ ಏಳುವಂತಿಲ್ಲ. ಕೈಮುಗಿದುಕೊಂಡು ಕೇಳಲೇಬೇಕು. ನಾನು ಅವನ ಊರಿನಿಂದ ಶುರು ಮಾಡುತ್ತೇನೆ. ಯಾರ ಪೈಕಿ ಎಂದು ಹೇಳುತ್ತೇನೆ, ಅಜ್ಜನ ಎತ್ತುಗಳನ್ನೂ ಬಿಡುವುದಿಲ್ಲ. ಆಮೇಲೆ ಆ ರೊಟ್ಟಿ. ಆಮೇಲೆ ನಿನ್ನ ಧ್ವನಿಯನ್ನು ಮೈಕಿಗೆ ಹಿಡಿಯುತ್ತೇನೆ. ಎರಡನೆಯ ಸಲ ಕೇಳುವುದು ಅಲ್ಲೇ, ಅವನ ಮುಖ ನೋಡುತ್ತ.

ನಿನ್ನೆ ಇದನ್ನೆಲ್ಲ ನಿನ್ನವ್ವನಿಗೆ ಹೇಳಿದೆ. ಬೇಡ ಅಂದಾಳು ಎಂದುಕೊಂಡಿದ್ದೆ. ಅವಳು ಡಬ್ಬಿ ತೆಗೆದು, ಪದಕಕ್ಕೆ ಅಂಟಿದ್ದ ಸಾಸಿವೆ ಕೊಡವಿ ನನ್ನ ಅಂಗೈಯಲ್ಲಿಟ್ಟಳು. "ಶಾಲಿಗಿ ಹಚ್ಚಬ್ಯಾಡ ಅಣ್ಣಾ. ಅಂಗಿ ದಾಟಿಸಿ ಚುಚ್ಚು." ಅಷ್ಟೇ ಹೇಳಿ ಒಳಗೆ ಹೋದಳು. ನೀನು ಹೋದಮೇಲೆ ಅವಳು ನನಗೆ ಬಡಿಸಿ ಒಳಗೆ ಹೋಗುತ್ತಾಳೆ, ಮೊದಲಿನ ಹಾಗೆ ಎದುರಿಗೆ ಕೂಡುವುದಿಲ್ಲ.

ಚುಚ್ಚುತ್ತೇನೆ. ಅದು ನನ್ನ ಮಾತು. ಬರೆದಿಟ್ಟ ಪರಿಚಯವನ್ನು ಬೆಳಿಗ್ಗೆಯಿಂದ ಮೂರು ಸಲ ಓದಿದೆ. ಒಂದು ಸಾಲಿನಲ್ಲಿ ಪ್ರತಿಸಲ ನಿಲ್ಲುತ್ತೇನೆ: 'ಇವರನ್ನು ಆ ಮನೆಗೆ ಕರೆತಂದವರು...' ಅಲ್ಲಿ ನನ್ನ ಹೆಸರು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಡದಿದ್ದರೆ, ಪದಕವೇನೋ ಒಂದೇ ಇದೆ. ಮೊದಲು ಯಾರ ಎದೆಗೆ ಚುಚ್ಚಲಿ, ಅಳಿಯಾ?