ಒಲೆಗೊಂದು ವೋಟು

ಫೆಬ್ರವರಿ 3, ಸೋಮವಾರ

ಟೋಲ್ ಹತ್ತಿರ ಕ್ಯಾಬ್ ನಿಂತಲ್ಲೇ ನಿಂತಿತ್ತು. ಎಲೆಕ್ಟ್ರಾನಿಕ್ ಸಿಟಿಯ ಆಫೀಸ್ ತಲುಪುವಷ್ಟರಲ್ಲಿ ಹೊಸ ಟಾಸ್ಕ್ ಬಂದು ಕೂತಿತ್ತು. ಬ್ರಿಟಿಷ್ ಪಾರ್ಲಿಮೆಂಟಿನ ಹಳೆಯ ಕ್ಷೇತ್ರಗಳ ಇತಿಹಾಸವನ್ನು ಕನ್ನಡದಲ್ಲಿ ಬರೆಯಬೇಕಂತೆ. ಯಾರು ಓದುತ್ತಾರೋ ದೇವರೇ ಬಲ್ಲ. ಮೊದಲನೆಯದು ಇಲ್‌ಚೆಸ್ಟರ್. ಪುಟ್ಟ ಊರು, ಇಬ್ಬರು ಎಂಪಿಗಳು. 1832ರಲ್ಲಿ ಕ್ಷೇತ್ರವೇ ರದ್ದು. ಅಲ್ಲಿಯವರೆಗೆ ಸ್ವಂತ ಒಲೆಯಲ್ಲಿ ಪಾತ್ರೆ ಇಟ್ಟು ಬೇಯಿಸಿಕೊಳ್ಳುವ ಗಂಡಸಿಗೆಲ್ಲ ವೋಟು. ಬೇಯಿಸುವವಳು ಹೆಂಡತಿ, ವೋಟು ಗಂಡನಿಗೆ... ಅದು ಬಿಡಿ, ಎಲ್ಲ ಕಡೆ ಇದ್ದದ್ದೇ.

ಸಂಜೆ ಗೇಟಿನಲ್ಲೇ ಮಲಕವ್ವ ಹಿಡಿದಳು. ನಮ್ಮ ಹಿತ್ತಿಲಿನ ಸಾಲು ಶೀಟ್ ರೂಮುಗಳಲ್ಲೊಂದರಲ್ಲಿ ಬಾಡಿಗೆಗೆ ಇರುವವಳು. ಕಲಬುರಗಿ ಕಡೆಯವಳು, ಬೊಮ್ಮಸಂದ್ರದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸ.

"ಅಕ್ಕಾರ, ಸುಳ್ಳ್ಯಾಕ ಹೇಳ್ಬೇಕ್ರೀ? ಈ ಸಲ ರೂಮಿನವ್ರೆಲ್ಲ ಬ್ಯಾರೆಯವ್ರಿಗಿ ಹಾಕ್ತೀವಿ. ನಿಮ್ಮ ಮನಿಯವ್ರು ಗೆದ್ದು ಇಷ್ಟ್ ವರ್ಷಾತು, ನಮ್ಗ ಒಂದ್ ನಳ ಬರ್ಲಿಲ್ಲ."

ಮನೆಯವರೆಂದರೆ ನನ್ನ ಗಂಡ ದೇವರಾಜ್, ಪುರಸಭೆ ಮೆಂಬರ್. ಈ ಸಲವೂ ನಿಲ್ಲುತ್ತಿದ್ದಾರೆ. ಹೋದ ಸಲ ಗೆದ್ದದ್ದೇ ರೂಮುಗಳ ವೋಟಿನಿಂದ. ನಮ್ಮ ಅಡ್ರೆಸ್ಸಿಗೆ ಅವರಿಗೆಲ್ಲ ವೋಟರ್ ಕಾರ್ಡ್ ಮಾಡಿಸಿಕೊಟ್ಟವಳು ನಾನು.

ಅವಳು ಹೇಳಿದ್ದನ್ನು ಒಳಗೆ ಬಂದು ಹೇಳಬೇಕಾಗಿರಲಿಲ್ಲ. ಹೇಳಿದೆ.

ಫೆಬ್ರವರಿ 6

ಮಲಕವ್ವನ ಮಾತು ಕೇಳಿ ಮಾವ ಮೂರು ದಿನದಿಂದ ಮುಖ ಊದಿಸಿಕೊಂಡಿದ್ದಾರೆ. ಊಟಕ್ಕೆ ಕೂತಾಗ ಸ್ವಲ್ಪ ನಗಿಸೋಣವೆಂದು ಇಲ್‌ಚೆಸ್ಟರ್ ಕಥೆ ತೆಗೆದೆ. ಯಜಮಾನನೊಬ್ಬ ಊರನ್ನು ಕೊಂಡುಕೊಂಡ. ವೋಟರುಗಳು ಜಾಸ್ತಿ, ಸಂಭಾಳಿಸುವುದು ಕಷ್ಟ. ಮನೆಗಳನ್ನೇ ಕೆಡವಿಸಿಬಿಟ್ಟ! ಮನೆ ಇಲ್ಲ, ಒಲೆ ಇಲ್ಲ, ವೋಟೂ ಇಲ್ಲ. ಕೈ ತಿರುಗಿಸಿ, ಕಣ್ಣು ಅರಳಿಸಿ ಹೇಳಿದೆ. ದೇವರಾಜ್ ನಕ್ಕರು. ಮಾವ ಮುದ್ದೆ ಮುರಿಯುತ್ತಾ ಕೇಳಿದರು.

"ಅಂಗಾದ್ರೆ ಮನೆ ಕೆಡವುದ್ರೆ ವೋಟು ಓಯ್ತದಾ?"

"ಅದು ಇನ್ನೂರು ವರ್ಷದ ಹಿಂದಿನ ಮಾತು ಮಾವ."

"ಯಾವ ಕಾಲ ಆದ್ರೇನವ್ವಾ... ಇನ್ನೊಂದ್ಸಲ ಏಳು."

ಇನ್ನೊಂದು ಸಲ ಹೇಳಿದೆ. ಈ ಮನೆಗೆ ಬಂದ ಮೇಲೆ ಮಾವ ನನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು. ಖುಷಿಯಾಯಿತು.

ಫೆಬ್ರವರಿ 17

ರೂಮು ಖಾಲಿ ಮಾಡಿ ಎಂದು ಮಾವ ಎಲ್ಲರಿಗೂ ಹೇಳಿದಾಗಿನಿಂದ ಬರೆಯಲು ಕೈ ಬರಲಿಲ್ಲ.

ನಿನ್ನೆ ಭಾನುವಾರ ಜೆಸಿಬಿ ಬಂತು. ಹೊಸ ಬಿಲ್ಡಿಂಗ್ ಎಬ್ಬಿಸುತ್ತೇನೆ ಎಂದು ಮಾವ ಎಲ್ಲರಿಗೂ ಹೇಳಿದ್ದಾರೆ. ಪ್ಲಾನೂ ಇಲ್ಲ, ಮೇಸ್ತ್ರಿಯೂ ಇಲ್ಲ. ರೂಮಿನವರು ಗಂಟುಮೂಟೆ ಕಟ್ಟಿಕೊಂಡು ಚಂದಾಪುರದ ಕಡೆ ಹೋದರು. ಮಲಕವ್ವ ಮಾತ್ರ ಹೋಗಲಿಲ್ಲ, ಇದ್ದ ಜಾಗದಲ್ಲೇ ಟಾರ್ಪಾಲು ಕಟ್ಟಿಕೊಂಡಿದ್ದಾಳೆ. ಇದು ಯಾರ ಬಾಯಿಂದ ಹೊರಟ ಐಡಿಯಾ ಎಂದು ಊರಿಗೆ ಗೊತ್ತಿಲ್ಲ. ನಾಚಿಕೆಯಿಂದ ಕಿಟಕಿ ತೆಗೆಯುತ್ತಿಲ್ಲ ನಾನು.

ಇವತ್ತು ಸಂಜೆ ದೇವರಾಜ್ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ಇವ್ರೆಲ್ಲ ಇಲ್ಲಿಂದ ಶಿಫ್ಟ್ ಆಗಿದ್ದಾರೆ, ವೋಟರ್ ಲಿಸ್ಟಿಂದ ತೆಗೀರಿ ಅಂತ ಆನ್‌ಲೈನಲ್ಲಿ ಹಾಕ್ಬಿಡು ಕೃಪಾ. ನಿಂಗದು ಐದ್ ನಿಮಿಷದ ಕೆಲಸ."

"ಮಲಕವ್ವ ಇಲ್ಲೇ ಇದಾಳಲ್ರೀ."

"ರೂಮೇ ಇಲ್ಲ, ಎಲ್ಲಿದಾಳೆ?"

ಹಾಕಿದೆ. ಅವಳ ಹೆಸರು ಬಂದಾಗ ಕಾಫಿ ನೆಪದಲ್ಲಿ ಎದ್ದು ಹೋದೆ. ಕುಡಿದು ಬಂದು ಅದನ್ನೂ ಹಾಕಿದೆ.

ಫೆಬ್ರವರಿ 20

ಇವತ್ತು ಟಾಂಟನ್ ಎಂಬ ಕ್ಷೇತ್ರ. ಅಲ್ಲೂ ಒಲೆಯ ವೋಟೇ. ಚುನಾವಣೆ ಹತ್ತಿರ ಬಂದರೆ ಬಾಡಿಗೆಯವರು ಬೀದಿಗೆ ಬಂದು, ನಾಲ್ಕು ಜನರ ಕಣ್ಣೆದುರು ಅಡುಗೆ ಮಾಡುತ್ತಿದ್ದರಂತೆ. ನಾಳೆ ಯಾರೂ ಇವನು ಇಲ್ಲಿಯವನಲ್ಲ ಎನ್ನಬಾರದಲ್ಲ. ಆ ಸಾಲು ಟೈಪ್ ಮಾಡಲು ಆಗಲಿಲ್ಲ. ತಲೆನೋವೆಂದು ಹೇಳಿ ಬೇಗ ಹೊರಟೆ.

ಗೇಟಿನ ಪಕ್ಕದಲ್ಲಿ ಮಲಕವ್ವ. ತನ್ನದೇ ರೂಮಿನ ಒಡೆದ ಗೋಡೆಯಿಂದ ಬ್ಲಾಕು ಎತ್ತಿ ತಂದು ಒಲೆ ಹೂಡಿದ್ದಾಳೆ. ಅವಳು ಟಾಂಟನ್ ಹೆಸರು ಕೇಳಿದವಳಲ್ಲ. ಹಸಿವಾಗಿದೆ, ಬೇಯಿಸುತ್ತಿದ್ದಾಳೆ ಅಷ್ಟೆ.

"ಬಿಸಿ ಅದ, ತಗೋರಿ ಅಕ್ಕಾರ." ಜೋಳದ ರೊಟ್ಟಿ ಕೈಗಿಟ್ಟಳು. "ಯಾರೋ ನನ್ನ ಹೆಸ್ರು ತಗಸ್ಲಿಕ್ಕ ಅರ್ಜಿ ಹಾಕ್ಯಾರಂತ್ರೀ. ನೀವೊಂದೀಟು ಕಂಪ್ಯೂಟರ್‌ದಾಗ ನೋಡ್ರಿ."

ನೋಡುತ್ತೇನೆ ಎಂದೆ. ರೊಟ್ಟಿಯನ್ನೂ ತಿಂದೆ. ನನ್ನಂಥವಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬೇಕಿತ್ತು, ಸಲೀಸಾಗಿ ಇಳಿಯಿತು.

ಫೆಬ್ರವರಿ 24

ವರ್ಕ್ ಫ್ರಮ್ ಹೋಮ್. ಆಫೀಸಿಗೆ ಹೋಗಿಬಿಟ್ಟಿದ್ದರೆ...

ಹತ್ತು ಗಂಟೆಗೆ ಅಂಗನವಾಡಿ ಟೀಚರ್ ಉಮಾಶ್ರೀ ಬಂದರು. ವೋಟರ್ ಲಿಸ್ಟ್ ಡ್ಯೂಟಿ ಅವರದು. ಯಾರು ನಿಜವಾಗಿ ಇದ್ದಾರೆ, ಯಾರು ಹೋಗಿದ್ದಾರೆ ಎಂದು ಕಣ್ಣಾರೆ ನೋಡಿ ಬರೆದುಕೊಳ್ಳಬೇಕಂತೆ. ಮಲಕವ್ವ ಕೈಗಂಟಿದ ಹಿಟ್ಟು ಒರೆಸಿಕೊಳ್ಳುತ್ತಾ ಓಡಿ ಬಂದಳು.

"ಇಲ್ಲೇ ಅದೀನ್ರೀ ಟೀಚರ್."

"ಶೆಡ್ ಕೆಡವಿದ್ಮೇಲೂ ಸುಮ್ಕೆ ಬಂದು ಕೂತ್ಕೋತವ್ಳೆ ಮೇಡಂ. ವಾಸ ಬೇರೆ ಕಡೆ," ಎಂದರು ಮಾವ.

ಉಮಾಶ್ರೀ ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ, ಓದಿರೋರು. ಈಯಮ್ಮ ಇಲ್ಲಿ ಇದಾರಾ, ಇಲ್ವಾ? ನೀವು ಹೇಳಿದ್ದೇ ಬರ್ಕೋತೀನಿ."

ಮಲಕವ್ವನ ಮುಖ ಅರಳಿತು. "ಹಾಂ, ಅಕ್ಕಾರ್ನ ಕೇಳ್ರಿ! ಕಾರ್ಡ್ ಮಾಡಿಸ್ದವ್ರೇ ಅವ್ರು."

"ಇಲ್ಲ" ಎಂದೆ.

ಉಮಾಶ್ರೀ ಪೆನ್ ಹಿಡಿದರು, ಆದರೆ ಬರೆಯಲಿಲ್ಲ. ಮಲಕವ್ವ ನನ್ನ ಹತ್ತಿರಕ್ಕೆ ಬಂದಳು. ಜಗಳ ಆಡುತ್ತಾಳೆ ಎಂದುಕೊಂಡೆ. ಆಡಿದ್ದರೆ ಚೆನ್ನಾಗಿತ್ತು. ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದಳು.

"ಯವ್ವಾ, ಬಾಯಿ ತಪ್ಪಿ ಬಂತೇನು? ಇರ್ಲಿ ಬಿಡ್ರಿ. ನಾ ಏನೂ ತಿಳ್ಕೊಳಂಗಿಲ್ಲ. ಇನ್ನೊಮ್ಮಿ ಹೇಳ್ರಿ."

ಮಾವ ನನ್ನನ್ನೇ ನೋಡುತ್ತಿದ್ದರು. ದೇವರಾಜ್ ಫೋನ್ ನೋಡುತ್ತಿದ್ದರು.

ಮತ್ತೆ ಅದನ್ನೇ ಹೇಳಿದೆ. ಈ ಸಲ ಗಟ್ಟಿಯಾಗಿ. ಉಮಾಶ್ರೀ ಬರೆದುಕೊಂಡರು, ಮಲಕವ್ವ ಒಲೆಯ ಮುಂದೆ ಹೋಗಿ ಕೂತು ಉಳಿದ ರೊಟ್ಟಿ ತಟ್ಟತೊಡಗಿದಳು.