ಮುಸೆಂಬಿ ‘ಕಟ್ಟಿದ’ ಎಂಜಿನ್

ಮಚಾಕೋಸ್,
ಮಂಗಳವಾರ, ಸೆಪ್ಟೆಂಬರ್ ೧೦, ೨೦೧೯

ಎಂಜಿನ್ ವಿದ್ಯೆಯ ಮಹಾಪಂಡಿತನಾದ ಮುಸೆಂಬಿಗೆ, ಕಾಗದಪತ್ರದ ಮಟ್ಟಿಗೆ ಇನ್ನೂ ಹೆಂಡತಿಯಾಗಿ ಉಳಿದಿರುವ ಕಟುಂಗೆಯ ನಮಸ್ಕಾರ.

ನೀನು ಫೋನಿಗೆ ಮಾತಾಡಿ ಕಳಿಸಿದ್ದನ್ನು ಎರಡು ಸಲ ಕೇಳಿದೆ. ಮೊದಲನೆಯ ಸಲ ನಂಬಲಾಗಲಿಲ್ಲ, ಎರಡನೆಯ ಸಲ ನಗು ಬಂತು. ನಕುರುವಿನ ರೇಸ್ ಕ್ಲಬ್ಬಿನವರು ತಮ್ಮ ಕಾರುಗಳಿಗೆ ಒಬ್ಬ ಮುಖ್ಯ ಮೆಕ್ಯಾನಿಕ್ ಬೇಕೆಂದು ಹುಡುಕುತ್ತಿದ್ದಾರೆ. ನಮ್ಮ ನೀಲಿ ಜಪಾನಿ ಕಾರು ಗುಡ್ಡದ ಓಟದಲ್ಲಿ ಗೆದ್ದದ್ದನ್ನು ನೋಡಿ ಈ ಎಂಜಿನ್ ಕಟ್ಟಿದ್ದು ಯಾರು ಎಂದು ಕೇಳಿದರು. ನೀನು ಎದೆಯುಬ್ಬಿಸಿ ‘ನಾನೇ’ ಎಂದೆ. ಈಗ ಶನಿವಾರ ನಿನ್ನನ್ನು ಕೂರಿಸಿಕೊಂಡು ಅದರ ಒಂದೊಂದು ಭಾಗದ ಬಗ್ಗೆಯೂ ವಿಚಾರಿಸುತ್ತಾರಂತೆ. ‘ಕಟುಂಗೇ, ನೀನು ಏನೇನ್ ಮಾಡ್ದೆ ಅಂತ ಒಂಚೂರು ಬರೆದು ಕಳ್ಸೇ, ಬಾಯಿಪಾಠ ಮಾಡ್ಕೊಂಡ್ಬಿಡ್ತೀನಿ’ ಎನ್ನುವಾಗ ನಿನ್ನ ದನಿಯಲ್ಲಿ ಅದೇನು ಬೆಣ್ಣೆ! ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ, ಆ ದನಿ ನನಗೆ ಒಂದು ದಿನವೂ ಕೇಳಿಸಿರಲಿಲ್ಲ.

ಆಯಿತು, ಬರೆಯುತ್ತೇನೆ. ಆದರೆ ಕಾಗದದಲ್ಲಿ. ಫೋನಿನಲ್ಲಿ ಕಳಿಸಿದರೆ ನನ್ನ ಹೆಸರು ಅಳಿಸಿ ನಾಲ್ಕು ಜನಕ್ಕೆ ದಾಟಿಸಿ ಬೆನ್ನು ತಟ್ಟಿಸಿಕೊಳ್ಳುತ್ತೀಯ, ನಿನ್ನನ್ನು ನಾನು ಬಲ್ಲೆ. ನಾಳೆ ಬೆಳಗಿನ ಮಟಾಟು ವ್ಯಾನಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ, ನಿಲ್ದಾಣಕ್ಕೆ ಬಂದು ಇಸಿದುಕೋ.

ಮೊದಲು ಕಾರು ಕೆಟ್ಟದ್ದು ಹೇಗೆ ಎಂದು ಕೇಳುತ್ತಾರೆ. ‘ನಾನೂ ನನ್ನ ಗೆಳೆಯ ಕಿಟೋಂಗಾನೂ ಸೇರಿ ಕೆಡಿಸಿದೆವು’ ಎಂದು ಹೇಳು. ಮೊಂಬಾಸಾ ಬಂದರಿನಿಂದ ಅದು ಮನೆಗೆ ಬಂದ ಮೂರನೆಯ ದಿನವೇ ಇಬ್ಬರೂ ಥರ್ಮೋಸ್ಟಾಟ್ ಕಿತ್ತು ಕಸಕ್ಕೆ ಎಸೆದಿರಿ. ಎಂಜಿನ್ ಹದವಾಗಿ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ, ಅಂಗೈ ತುಂಬದ ಒಂದು ಸಾಮಾನು ಅದು. ‘ಏಯ್, ಇದೆಲ್ಲಾ ಹಿಮ ಬೀಳೋ ದೇಶದೋರಿಗೆ ಕಣೋ, ನಮ್ ಬಿಸಿಲಿಗೆ ಯಾಕೆ’ ಎಂದ ಕಿಟೋಂಗಾ. ‘ಹೌದ್ ಮತ್ತೆ, ಜಪಾನಿನೋರಿಗೆ ನಮ್ಮೂರ ಬಿಸಿಲು ಏನ್ ಗೊತ್ತು’ ಎಂದು ನೀನು ತಲೆಯಾಡಿಸಿದೆ. ಈ ಊರಿನ ಅರ್ಧ ಮೆಕ್ಯಾನಿಕ್‌ಗಳು ಇದೇ ಮಾತು ಆಡಿ ಇದೇ ಕೆಲಸ ಮಾಡುತ್ತಾರೆ, ಅದಕ್ಕೇ ನಿಮಗೆ ಅಷ್ಟು ಧೈರ್ಯ. ಚಪಾತಿ ಬೇಯಿಸುತ್ತಿದ್ದ ನಾನು ಕಿಟಕಿಯಿಂದಲೇ ಕೂಗಿ ಹೇಳಿದೆ: ಎಂಜಿನ್ ತನ್ನ ಹದಕ್ಕೆ ಬರದಿದ್ದರೆ ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಕೆಡುತ್ತದೆ, ಬೇರಿಂಗ್ ಸವೆಯುತ್ತದೆ. ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನನ್ನು ವರ್ಷಗಟ್ಟಲೆ ಬಿಚ್ಚಿ ಜೋಡಿಸಿದವಳ ಮಾತು. ನೀನು ಏನೆಂದೆ? ‘ನೀನು ಚಪಾತಿ ಸೀಯಿಸ್ಬೇಡ, ಅಷ್ಟು ನೋಡ್ಕೋ ಸಾಕು.’ ಕಿಟೋಂಗಾ ತೊಡೆ ತಟ್ಟಿಕೊಂಡು ನಕ್ಕ.

ಆಮೇಲೆ ನಿನ್ನ ಸುಧಾರಣೆಗಳು ಶುರುವಾದವು. ತೋಳು ತೂರುವಷ್ಟು ದಪ್ಪನೆಯ ಸೈಲೆನ್ಸರ್ ಹಾಕಿಸಿದೆ. ಭಾನುವಾರ ನೀನು ಬರುವ ಸದ್ದಿಗೆ ಚರ್ಚಿನಲ್ಲಿ ಪಾದ್ರಿಯ ಮಾತೇ ನಿಂತುಹೋಗುತ್ತಿತ್ತು, ನಾನು ತಲೆ ತಗ್ಗಿಸಿ ಕೂರುತ್ತಿದ್ದೆ. ಬೆಳಗ್ಗೆ ತಣ್ಣಗಿದ್ದ ಎಂಜಿನ್ನನ್ನೇ ಒದ್ದು ಗುಡ್ಡ ಹತ್ತಿಸುವುದು ನಿನ್ನ ಶೌರ್ಯ. ಹನ್ನೊಂದು ತಿಂಗಳಿಗೆ ಅದರ ಹೊಟ್ಟೆಯೊಳಗೆ ಕಟಕಟ ಶುರುವಾಯಿತು. ‘ಗುಜರಿ ಮಾಲು, ಕೋಳಿ ಮೊಟ್ಟೆ ಇಡ್ಲಿ ಬಿಡು’ ಎಂದು ಹಿತ್ತಿಲಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ ನಕುರುವಿನ ಅಣ್ಣನ ಮನೆಗೆ ಹೊರಟುಹೋದೆ. ಕಾರನ್ನೂ ನನ್ನನ್ನೂ ಒಂದೇ ದಿನ ಬಿಟ್ಟೆ. ಕೆಟ್ಟದ್ದನ್ನು ಕೂತು ಸರಿಮಾಡುವುದು ನಿನ್ನ ಜಾಯಮಾನದಲ್ಲೇ ಇಲ್ಲ.

ಇನ್ನು ಬರೆದುಕೋ, ಪಂಡಿತ. ಗಿರಣಿಯಿಂದ ಚೈನ್ ಪುಲ್ಲಿ ತಂದು ಮಾವಿನ ಕೊಂಬೆಗೆ ಕಟ್ಟಿ ಎಂಜಿನ್ ಎತ್ತಿದೆ. ಅದರ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುವುದಿಲ್ಲ, ಎಡಕ್ಕೂ ಬಲಕ್ಕೂ ಆಡುತ್ತವೆ. ಇಷ್ಟಾದರೂ ನೆನಪಿಟ್ಟುಕೋ, ಕೈಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿ ಮಾನ ಕಳೆದುಕೊಳ್ಳಬೇಡ. ಬೇರಿಂಗ್ ಎಲ್ಲವೂ ಹೊಸವು. ಪಿಸ್ಟನ್ ರಿಂಗುಗಳ ಸೀಳು ಒಂದರ ಕೆಳಗೆ ಒಂದು ಬರದಂತೆ ತಿರುಗಿಸಿ ಕೂರಿಸಿದೆ. ಎಂಜಿನ್ನಿನ ಮುಚ್ಚಳದಂತಿರುವ ಹೆಡ್ಡಿನ ಬೋಲ್ಟುಗಳನ್ನು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿದೆ. ಥರ್ಮೋಸ್ಟಾಟ್ ವಾಪಸು ಬಂತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಬಿಸಿ ಗಾಳಿ ತಣ್ಣಗಾಗಲು ದೊಡ್ಡ ಇಂಟರ್‌ಕೂಲರ್ ಹಾಕಿ, ಅದು ಕೂರಲು ಬೇಕಾದ ಪಟ್ಟಿಗಳನ್ನು ನಾನೇ ವೆಲ್ಡ್ ಮಾಡಿದೆ. ನಿನಗೆ ಗುಡ್ಡದ ಓಟ ಗೆದ್ದುಕೊಟ್ಟದ್ದು ಅದು, ನಿನ್ನ ಸೈಲೆನ್ಸರ್ ಅಲ್ಲ. ಓಡಿಸಿ ಬಂದ ಮೇಲೆ ಒಂದು ನಿಮಿಷ ಸುಮ್ಮನೆ ಚಾಲೂ ಇಟ್ಟು ಆಮೇಲೆ ಆರಿಸು, ಇಲ್ಲದಿದ್ದರೆ ಟರ್ಬೋದೊಳಗೆ ಆಯಿಲ್ ಸೀದುಹೋಗುತ್ತದೆ. ಒಂದು ನಿಮಿಷ ತಾಳುವುದು ನಿನಗೆ ಕಷ್ಟ, ಗೊತ್ತು.

ಏಳು ತಿಂಗಳು ಹಿಡಿಯಿತು. ಬೇಲಿಯಾಚೆಯ ಗಂಡಸರು ದಿನಾ ಸಂಜೆ ನಿಂತು ನೋಡಿ, ‘ಏನಮ್ಮಾ, ಮಿಕ್ಕಿದ ಬೋಲ್ಟನ್ನ ಸಾರಿಗೆ ಹಾಕ್ತೀಯಾ?’ ಎಂದು ಕಿಸಿಯುತ್ತಿದ್ದರು. ಮೊದಲ ಸಲ ಚಾಲೂ ಮಾಡಿದಾಗ ಅದೇ ಗಂಡಸರು ಒಬ್ಬೊಬ್ಬರಾಗಿ ಬೇಲಿ ಬಿಟ್ಟು ಮನೆಗೆ ಹೋದರು. ಆ ಸುದ್ದಿ ನಿನಗೆ ಅದೆಷ್ಟು ಬೇಗ ಮುಟ್ಟಿತು! ಫೆಬ್ರವರಿಯಲ್ಲಿ ನಗುತ್ತಾ ಬಂದೆ. ‘ಒಂದ್ ರೌಂಡ್ ಹೋಗ್ಬರ್ತೀನಿ’ ಎಂದೆ. ಇದು ಸೆಪ್ಟೆಂಬರ್, ಆ ರೌಂಡ್ ಇನ್ನೂ ಮುಗಿದಿಲ್ಲ.

ಹೋದ ತಿಂಗಳು ಚರ್ಚಿನ ಹೆಂಗಸರು ನಿನ್ನ ಫೋಟೊ ಹಿಡಿದು ನನ್ನನ್ನು ಸುತ್ತಿಕೊಂಡರು. ಕಾರಿನ ಮೇಲೆ ಕೈಯಿಟ್ಟು, ಬಹುಮಾನದ ಬಟ್ಟಲು ಎತ್ತಿ, ಹಲ್ಲು ಕಿರಿದು ನಿಂತಿದ್ದೀಯ. ಸೊರಗಿದ್ದೀಯ, ಅಂಗಿಯ ಗುಂಡಿಯೂ ಕಿತ್ತುಹೋಗಿದೆ. ನಾನೇನೂ ಕಣ್ಣಿಟ್ಟು ನೋಡಲಿಲ್ಲ. ‘ಅಯ್ಯೋ ಕಟುಂಗೇ, ದೇವ್ರು ನಿನ್ ಗಂಡಂಗೆ ಎಂಥಾ ಕೈ ಕೊಟ್ಟಿದ್ದಾನಮ್ಮಾ!’ ಎಂದರು. ಉಗುರಿನ ಸಂದಿಯಲ್ಲಿ ಕಪ್ಪು ಕೂತಿದ್ದ ನನ್ನ ಕೈಯನ್ನು ಮೇಲುಹೊದಿಕೆಯೊಳಗೆ ಮುಚ್ಚಿಕೊಂಡು, ಹೌದು ಎಂದೆ. ಮನೆಗೆ ಬಂದು ಅತ್ತೆ. ನಿನಗಾಗಿ ಅತ್ತೆ ಎಂದು ಉಬ್ಬಬೇಡ. ನನ್ನ ಏಳು ತಿಂಗಳಿಗಾಗಿ ಅತ್ತೆ. ಬಟ್ಟಲು ನೀನೇ ಇಟ್ಟುಕೋ, ಕಾರನ್ನೂ ಓಡಿಸಿಕೋ. ಆದರೆ ‘ಕಟುಂಗೆ ಮಾಡಿದಳು’ ಎಂಬ ಎರಡು ಮಾತು ಹೇಳಲು ನಿನ್ನ ನಾಲಿಗೆ ಯಾಕೆ ಹೊರಳಲಿಲ್ಲ, ಮುಸೆಂಬಿ? ನನಗೆ ಬೇಕಾಗಿದ್ದದ್ದು ಅಷ್ಟೇ. ಈಗಲೂ ಅಷ್ಟೇ.

ಸಾಕು, ಗಿರಣಿಗೆ ಹೊತ್ತಾಯಿತು. ಬಾಯಿಪಾಠ ಮಾಡು.

ಇತಿ,
ಕಟುಂಗೆ

ಮತ್ತೊಂದು ಮಾತು: ಮೇಲೆ ಬರೆದ ಕೆಲಸಗಳಲ್ಲಿ ಒಂದನ್ನು ಬೇಕೆಂದೇ ತಲೆಕೆಳಗಾಗಿ ಬರೆದಿದ್ದೇನೆ. ಒಂದು ಸಲವಾದರೂ ಸ್ಪ್ಯಾನರ್ ಹಿಡಿದು ಎಂಜಿನ್ ಜೋಡಿಸಿದವರಿಗೆ ಅದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಶನಿವಾರ ನಿನ್ನೆದುರು ಕೂರುವವರಿಗೂ ಗೊತ್ತಾಗುತ್ತದೆ. ನಿನಗೆ ಗೊತ್ತಾಗುವುದಿಲ್ಲ. ಯಾವುದು ಎಂದು ಫೋನ್ ಮಾಡಿ ಗೋಗರೆಯಬೇಡ, ಹೇಳುವುದಿಲ್ಲ. ಅವರು ಬಾಯಿ ತೆರೆಯುವ ಮೊದಲೇ ‘ಇದನ್ನ ಕಟ್ಟಿದ್ದು ನನ್ ಹೆಂಡ್ತಿ, ಅವಳನ್ನೇ ಕೇಳಿ’ ಎಂದುಬಿಡು, ನೀನು ಬಚಾವಾಗಲು ಇರುವ ದಾರಿ ಅದೊಂದೇ. ಶನಿವಾರ ಗಿರಣಿಗೆ ರಜೆ ಹೇಳಿದ್ದೇನೆ. ಫೋನ್ ಕೈಯಲ್ಲೇ ಇರುತ್ತದೆ.